ಹಗುರವಾದ ಪುಟ

1989ರಲ್ಲಿ ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ವೆಬ್ ಎಂಬ ಮಾಹಿತಿಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರಲ್ಲಿ ಆ ಕೇಂದ್ರವು ಯಾವ ಶುಲ್ಕವನ್ನೂ ಬೇಡದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಊರ ಕೆರೆಯಂತೆ ಅದು ಸರ್ವರ ಸೊತ್ತಾಯಿತು.

ಅದರ ಮೊದಲ ಪುಟದಲ್ಲಿದ್ದುದು ಅಕ್ಷರಗಳು ಮತ್ತು ಇತರ ಪುಟಗಳಿಗೆ ಒಯ್ಯುವ ಕೊಂಡಿಗಳು ಮಾತ್ರ. ಇಂದಿನ ಅನೇಕ ಪುಟಗಳಾದರೋ ಚಿತ್ರ, ವಿಡಿಯೋ, ಜಾಹೀರಾತುಗಳ ಭಾರದಿಂದ ಬಳಲುತ್ತಿವೆ. ಅಂದವು ಬೇಡವೆಂದಲ್ಲ. ಆದರೆ ಅಗ್ಗದ ಫೋನನ್ನು ಹಿಡಿದು, ದುರ್ಬಲ ಸಂಪರ್ಕದಲ್ಲಿ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದು ಕುಳಿತ ಹಳ್ಳಿಯ ವಿದ್ಯಾರ್ಥಿನಿಗೆ ಆ ಅಂದವೇ ಅಡ್ಡಗೋಡೆಯಾಗುತ್ತದೆ.

ಕೆರೆಗೆ ಸೋಪಾನ ಕಟ್ಟುವವನು ಮುದುಕರ ಕಾಲನ್ನೂ ನೆನೆಯಬೇಕು. ಪುಟವನ್ನು ಕಟ್ಟುವವನು ಬಡವರ ಫೋನನ್ನೂ ನೆನೆಯಬೇಕು. ನಾಳೆ ಆ ಪುಟಗಳನ್ನು ಕಟ್ಟುವವರು ನೀವೇ. ಎಲ್ಲರಿಗೂ ತೆರೆದುಕೊಳ್ಳುವ ಪುಟವೇ ಒಳ್ಳೆಯ ಪುಟ.