ನಾಲ್ಕನೇ ತರಗತಿಯ ಹೊಸ್ತಿಲಲ್ಲಿ

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತವನ್ನು ಬೆಸೆದು ಕಲಿಸುವುದಕ್ಕೆ ಈಗ ‘ಸ್ಟೀಮ್’ ಎಂಬ ಹೆಸರು ಬಂದಿದೆ. ಹೆಸರಿನ ಬೆನ್ನಿಗೇ ಸಾವಿರಾರು ರೂಪಾಯಿಯ ಕಿಟ್‌ಗಳೂ ಬಂದಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಆರಂಭವಾದಾಗ ಇವೆರಡೂ ಇರಲಿಲ್ಲ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಈ ಮೂರು ದಶಕದ ಲೆಕ್ಕದಲ್ಲಿ ಜಮೆಯೇನೂ ಕಡಿಮೆಯಿಲ್ಲ. ಪುಟ್ಟ ಕೈಗೆಟಕುವ ಎತ್ತರದಲ್ಲಿ ಗೋಡೆ ಹಲಗೆ, ತಲೆಯ ಮೇಲೆ ದಾರ ಹೆಣೆದ ಕಲಿಕಾ ಚಪ್ಪರ, ಅದರಿಂದ ತೂಗುವ ಮಕ್ಕಳದೇ ಚಿತ್ರಗಳು. ಹವಾಮಾನ ನಕ್ಷೆಯಲ್ಲಿ ಇವತ್ತು ಸೂರ್ಯನನ್ನು ಬರೆಯಬೇಕೋ ಮೋಡವನ್ನೋ ಎಂದು ಇಬ್ಬರು ಹುಡುಗಿಯರು ಕಿಟಕಿಗೆ ಇಣುಕಿ ಇಣುಕಿ ಜಗಳವಾಡುತ್ತಾರೆ. ವಿಜ್ಞಾನ ಯಾವುದು, ಚಿತ್ರಕಲೆ ಯಾವುದು ಎಂದು ಅಲ್ಲಿ ಗೆರೆ ಎಳೆಯುವವರು ಯಾರು? ತೆಂಗಿನ ಗರಿಯ ಗಿರಗಿಟ್ಲೆಯೂ ಹಾಗೆಯೇ. ಮುಳ್ಳು ಬಿಗಿಯಾದರೆ ತಿರುಗದು, ಸಡಿಲವಾದರೆ ಕಳಚಿಕೊಳ್ಳುತ್ತದೆ. ಎಷ್ಟು ಜಾಗ ಬಿಡಬೇಕೆಂಬುದು ಬೆರಳಿಗೆ ಗೊತ್ತಾಗಬೇಕು.

ಬಾಕಿ ಇರುವುದು ಮುಂದೆ. ನಲಿಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟ ಮಗು ಬೆಂಚಿನ ಸಾಲಿನಲ್ಲಿ ಕೂತು ಪರಿಸರ ಅಧ್ಯಯನದ ಪ್ರಶ್ನೋತ್ತರ ಬರೆಯತೊಡಗುತ್ತದೆ. ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವುದು ಆರನೇ ತರಗತಿಯಿಂದ ಮೇಲಿನವರಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿದ ಹತ್ತು ಬ್ಯಾಗ್‌ರಹಿತ ದಿನಗಳೂ ಆರರಿಂದ ಎಂಟರವರಿಗೇ. ಗಿರಗಿಟ್ಲೆ ಯಾಕೆ ತಿರುಗುತ್ತದೆ ಎಂಬ ಪ್ರಶ್ನೆ ಬಲಿಯುವ ವಯಸ್ಸಿನಲ್ಲೇ ಎರಡು ವರ್ಷ ಕೈ ಕಟ್ಟಿ ಕೂರಿಸುತ್ತೇವೆ.

ಈ ಎರಡು ವರ್ಷದ ಅಂತರ ತುಂಬಲು ಕಿಟ್ ಬೇಕಿಲ್ಲ. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ ಟ್ಯೂಬಿನ ಚೂರುಗಳಿಂದ ಜೋಡಿಸುವುದನ್ನು ವಿಜ್ಞಾನದ ಆಟಿಕೆಗಳನ್ನು ಮಾಡಿ ಕಲಿಸುವ ಅರವಿಂದ ಗುಪ್ತ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಹಂಚಿನ ಮಾಡಿನ ಶಾಲೆಯಾದರೆ ಆಗ ಮಕ್ಕಳಿಗೆ ತಲೆಯೆತ್ತಿ ನೋಡಲು ಹೇಳಿದರೆ ಸಾಕು, ತೊಲೆಗಳ ನಡುವೆ ಅದೇ ತ್ರಿಕೋನ ಕೂತಿರುತ್ತದೆ. ಬೆಂಕಿಪೊಟ್ಟಣವೂ ಟ್ಯೂಬೂ ಸಂತೆಯಲ್ಲಿ ಸಿಗುತ್ತವೆ. ವಾರಕ್ಕೆ ಎರಡು ಪೀರಿಯಡ್ ಮಾತ್ರ ವೇಳಾಪಟ್ಟಿ ಬರೆಯುವವರೇ ಕೊಡಬೇಕು.