ಕಲ್ಲಚ್ಚೂ ಕಾದಂಬರಿಯೂ

ಅಚ್ಚಿನ ಯಂತ್ರ ಬಂದಿತು, ಜನಪ್ರಿಯ ಕಾದಂಬರಿ ಹುಟ್ಟಿತು: ಸಾಹಿತ್ಯಚರಿತ್ರೆಯ ಪಾಠ ಹೇಳುವಾಗ ನಾನೂ ಹೀಗೆಯೇ ಹೇಳಿಬಿಡುತ್ತಿದ್ದೆನು. ಚೀನದ ಮುದ್ರಣದ ಕಥೆಯನ್ನು ಓದಿದಂದಿನಿಂದ ಆ ಮಾತನ್ನಾಡಲು ನಾಲಗೆ ಹಿಂಜರಿಯುತ್ತದೆ.

ಬಿಡಿ ಮೊಳೆಗಳ ಅಚ್ಚು ಅಲ್ಲಿ 1040ರ ದಶಕದಲ್ಲಿಯೇ ಹುಟ್ಟಿತ್ತು; ಬಿ ಷೆಂಗ್ ಎಂಬಾತನು ಜೇಡಿಮಣ್ಣಿನ ಮೊಳೆಗಳನ್ನು ಮಾಡಿ ಸುಟ್ಟಿದ್ದನು. ಆದರೂ ಮುಂದಿನ ಎಂಟು ಶತಮಾನ ಆಳಿದ್ದು ಕೊರೆದ ಮರದ ಹಲಗೆಯೇ. ಇದು ಮೊಂಡುತನವಲ್ಲ. ಸಾವಿರಾರು ಅಕ್ಷರಗಳುಳ್ಳ ಲಿಪಿಗೆ ಮೊಳೆಗಳನ್ನು ಒದಗಿಸುವುದು ದುಬಾರಿಯ ಕೆಲಸ. ಹಲಗೆಯನ್ನಾದರೋ ಒಮ್ಮೆ ಕೊರೆದಿಟ್ಟರೆ ಬೇಕಾದಾಗ ಬೇಕಾದಷ್ಟು ಪ್ರತಿ ತೆಗೆಯಬಹುದು. ಕೈಬರಹದಲ್ಲಿ ಸುತ್ತಾಡುತ್ತಿದ್ದ ‘ಕೆಂಪು ಮಹಲಿನ ಕನಸು’ 1791ರಲ್ಲಿ ಮರದ ಬಿಡಿ ಮೊಳೆಗಳಿಂದಲೇ ಮೊದಲು ಅಚ್ಚಾಯಿತು, ನಿಜ. ಆ ಪಾಠವನ್ನು ಅನುಸರಿಸಿ ಮತ್ತೆ ಮತ್ತೆ ಬಂದವು ಹಲಗೆಯಚ್ಚಿನ ಪ್ರತಿಗಳು.

ಹಲಗೆಯನ್ನು ಅಲುಗಿಸಿದ್ದು ಕಲ್ಲು. 1872ರಲ್ಲಿ ಷಾಂಘೈಯಲ್ಲಿ ‘ಷೆನ್‌ಬಾವ್’ ಪತ್ರಿಕೆಯನ್ನು ಆರಂಭಿಸಿದ ಅರ್ನೆಸ್ಟ್ ಮೇಜರ್, ಆ ದಶಕ ಮುಗಿಯುವ ಮುನ್ನ ಕಲ್ಲಚ್ಚಿನ ಮುದ್ರಣಾಲಯವನ್ನೂ ಹೂಡಿದನು. ಕಲ್ಲಚ್ಚಿಗೆ ಮೊಳೆಯ ಹಂಗಿಲ್ಲ. ಬರೆದದ್ದು ಬರೆದ ಹಾಗೆಯೇ ಮೂಡುತ್ತದೆ. ಚಿತ್ರವೂ ಅಕ್ಷರವೂ ಒಂದೇ ಪುಟದಲ್ಲಿ ನಿಲ್ಲುತ್ತವೆ. ಛಾಯಾಗ್ರಹಣದ ನೆರವಿನಿಂದ ದೊಡ್ಡ ಪುಟವನ್ನು ಕಿರಿದುಗೊಳಿಸಿ ಪುಸ್ತಕವನ್ನು ಅಗ್ಗವಾಗಿಸಬಹುದು.

ಇಷ್ಟೆಲ್ಲ ಅನುಕೂಲವಿದ್ದಾಗ ಕಾದಂಬರಿಕಾರನು ಗೆಲ್ಲಲೇಬೇಕಲ್ಲವೆ? 1892ರಲ್ಲಿ ಹಾನ್ ಬಾಂಗ್‌ಚಿಂಗ್ ತನ್ನದೇ ಸಚಿತ್ರ ಪತ್ರಿಕೆಯಲ್ಲಿ ಷಾಂಘೈಯ ವೇಶ್ಯಾವಾಟಿಕೆಗಳನ್ನು ಕುರಿತ ಕಾದಂಬರಿಯೊಂದನ್ನು ಧಾರಾವಾಹಿಯಾಗಿ ಹೊರತಂದನು. ಕಲ್ಲಚ್ಚಿತ್ತು, ಚಿತ್ರಗಳಿದ್ದುವು, ಹಂಚಲು ‘ಷೆನ್‌ಬಾವ್’ ಸಂಸ್ಥೆಯಿತ್ತು. ಆದರೆ ಸಂಭಾಷಣೆಯೆಲ್ಲ ಸೂಝೌ ಕಡೆಯ ಆಡುನುಡಿ. ಅನ್ಯ ಪ್ರಾಂತದವರಿಗೆ ಅದು ಕಬ್ಬಿಣದ ಕಡಲೆ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. 1894ರಲ್ಲಿ 64 ಅಧ್ಯಾಯಗಳ ಪುಸ್ತಕ ಬಂದಿತು. ಅದೇ ವರ್ಷ ಲೇಖಕನೂ ತೀರಿಕೊಂಡನು. 1926ರಲ್ಲಿ ವಿರಾಮಚಿಹ್ನೆಗಳೊಡನೆ, ಹೂ ಷಿಯಂಥ ವಿದ್ವಾಂಸನ ಮುನ್ನುಡಿಯೊಡನೆ, ಅದು ಮತ್ತೆ ಬೆಳಕು ಕಂಡಿತು. ಇಂದು ಅದು ಆ ಕಾಲದ ಶ್ರೇಷ್ಠ ಕೃತಿಗಳಲ್ಲಿ ಒಂದು.

ಮೊಬೈಲಿನಲ್ಲಿ ಕಥೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ನಾನು ಹಿಂದೊಮ್ಮೆ ಗದರಿಸಿದ್ದುಂಟು. ಈಗ ಅದಕ್ಕಾಗಿ ನಾಚುತ್ತೇನೆ. ಕಲ್ಲಾಗಲಿ ಗಾಜಾಗಲಿ, ಕಥೆಯನ್ನು ಓದುಗನ ಮನೆಯ ಬಾಗಿಲಿನವರೆಗೆ ತಂದು ಬಿಡಬಲ್ಲದು; ಒಳಕ್ಕೆ ಕರೆದೊಯ್ಯಲಾರದು. ತೊಡಕಿನ ನುಡಿಯನ್ನು ಬಿಡಿಸಿ ಹೇಳಿ, ರುಚಿ ಹತ್ತಿಸಿ, ಒಳಕ್ಕೆ ಕರೆದೊಯ್ಯುವ ಕೆಲಸ ಮುನ್ನುಡಿಕಾರನದು, ಅಧ್ಯಾಪಕನದು. ಅದನ್ನು ಮಾಡದೆ ಯಂತ್ರವನ್ನು ಹಳಿಯುವುದು, ನೆಲ ಡೊಂಕೆಂದವರ ದಾರಿಯಾದೀತು.