ಮನೆಯ ಮಾತು: ವಿಗ್ಗನ್ನು ಬಚ್ಚಿಡಬೇಡಿ, ನೆರಳಲ್ಲಿ ಒಣಗಿಸಿ



ಈ ಸಲ ಮಾವಿನ ಮಿಡಿಯ ಬಗ್ಗೆ ಬರೆಯೋಣವೆಂದಿದ್ದೆ. ಅಷ್ಟರಲ್ಲಿ ಒಬ್ಬ ಸೋದರಿಯ ಪತ್ರ ಬಂತು. ಎರಡು ಸಲ ಓದಿದೆ. ಮಿಡಿ ಮುಂದಿನ ಸಂಚಿಕೆಗಿರಲಿ.

ಅವರಿಗೆ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ. ಔಷಧಿ ಶುರುವಾದ ಮೂರನೇ ವಾರಕ್ಕೇ ತಲೆಗೂದಲು ಉದುರಿತಂತೆ. ಮಗಳ ಮದುವೆ ಗೊತ್ತಾಗಿದೆ. ಹಾಗಾಗಿ ಕೂಡಿಟ್ಟ ದುಡ್ಡಿನಲ್ಲಿ ನಿಜವಾದ ಕೂದಲಿನ ವಿಗ್ ಕೊಂಡಿದ್ದಾರೆ. "ಬೀಗರಿಗೆ ತಿಳಿಯಬಾರದೂಂತ ರಾತ್ರಿ ಎಲ್ಲರೂ ಮಲಗಿದ ಮೇಲೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬಟ್ಟೆ ಸುತ್ತಿ ಟ್ರಂಕಿನಲ್ಲಿ ಇಡ್ತಿದ್ದೆ. ಈಗ ಗಂಟುಗಂಟಾಗಿ ಮುಗ್ಗಲು ವಾಸನೆ ಬರ್ತಿದೆ. ಮದುವೆಗೆ ಒಂದೂವರೆ ತಿಂಗಳಿದೆ. ಹೆಸರು ಹಾಕಬೇಡಿ" ಎಂದು ಬರೆದಿದ್ದಾರೆ. ಹೆಸರು ಹಾಕುವುದಿಲ್ಲ ತಾಯಿ, ನಿಶ್ಚಿಂತೆಯಾಗಿರಿ.

ಮೊದಲು ಒಂದು ವಿಷಯ ತಿಳಿಯಿರಿ. ನಮ್ಮ ತಲೆಯ ಕೂದಲಿಗೆ ಬುಡದಿಂದ ದಿನವೂ ಜಿಡ್ಡು ಸಿಗುತ್ತದೆ. ವಿಗ್ಗಿನ ಕೂದಲಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಅದು ಬೇಗ ಒಣಗಿ ಸಿಕ್ಕಾಗುತ್ತದೆ. ಹಾಗೆಂದು ಕೊಬ್ಬರಿ ಎಣ್ಣೆ ಹಚ್ಚಿಬಿಟ್ಟೀರಿ! ಧೂಳು ಕೂತು ಅಂಟಂಟಾಗುತ್ತದೆ. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು ಯಾವುದೂ ಬೇಡ. ಅವುಗಳ ತರಿ ಒಳಗಿನ ಜಾಲರಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ಈಗಾಗಲೇ ಗಂಟಾಗಿರುವುದಕ್ಕೆ ಹೀಗೆ ಮಾಡಿ. ವಿಗ್ಗನ್ನು ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಗ್ಗಿಸಿ ಹಿಡಿದು ಪುಡಿಯನ್ನು ಮೆಲ್ಲಗೆ ಕೊಡವಿ. ಗಂಟಿದ್ದ ಕಡೆ ಸ್ವಲ್ಪ ನೀರು ಚಿಮುಕಿಸಿ, ಕಂಡಿಷನರ್ ಸವರಿ, 15 ನಿಮಿಷ ಬಿಡಿ. ಬೆರಳಿನಿಂದ ಬಿಡಿಸುತ್ತಾ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಬುಡದಿಂದ ಎಳೆದರೆ ಕೂದಲು ಕಿತ್ತುಬರುತ್ತದೆ, ಕಿತ್ತದ್ದು ಮತ್ತೆ ಹುಟ್ಟುವುದಿಲ್ಲ! ಬುಡದಲ್ಲೇ ಜಡ್ಡುಗಟ್ಟಿದ್ದರೆ ನೀವು ಹಟ ಹಿಡಿಯಬೇಡಿ, ವಿಗ್ ಮಾಡುವವರ ಕೈಗೆ ಕೊಡಿ.

ಇನ್ನು ಮುಂದೆ ತೊಳೆಯುವ ಕ್ರಮ. ದಿನವೂ ಹಾಕುವವರು 10–15 ದಿನಕ್ಕೊಮ್ಮೆ ತೊಳೆದರೆ ಸಾಕು. ಬೆವರು ಹೆಚ್ಚಿದ್ದರೆ ವಾರಕ್ಕೊಮ್ಮೆ. ಒಣಗಿರುವಾಗಲೇ ಸಿಕ್ಕು ಬಿಡಿಸಿಕೊಳ್ಳಿ. ಅಗಲವಾದ ಟಬ್ಬಿನಲ್ಲಿ ತಣ್ಣೀರಿಗೆ ಸ್ವಲ್ಪವೇ ಬಿಸಿನೀರು ಬೆರೆಸಿ, ಒಂದು ಚಮಚ ಸೌಮ್ಯವಾದ ಶಾಂಪೂ ಕದಡಿ. ಅದರಲ್ಲಿ ವಿಗ್ಗನ್ನು ಅದ್ದಿ, ಮೇಲೆ ಕೆಳಗೆ ನಿಧಾನವಾಗಿ ಆಡಿಸಿ. ರೇಷ್ಮೆ ಸೀರೆಯನ್ನು ಜಾಲಿಸುವ ಹಾಗೆ ಎಂದಿಟ್ಟುಕೊಳ್ಳಿ. ತಿಕ್ಕುವುದು, ಕಿವುಚುವುದು ಕೂಡದು. ಒಳಗಡೆ ಹಣೆ ತಾಗುವ ಪಟ್ಟಿಯನ್ನು ಮಾತ್ರ ಬೆರಳ ತುದಿಯಿಂದ ಉಜ್ಜಿ, ಬೆವರು ಕೂರುವುದು ಅಲ್ಲೇ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಕಡೆಯ ಜಾಲಿಕೆಗಾದರೂ ಕುಡಿಯುವ ಫಿಲ್ಟರ್ ನೀರು ಬಳಸಿ.

ಆಮೇಲೆ ಕಂಡಿಷನರನ್ನು ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿ, 5 ನಿಮಿಷ ಬಿಟ್ಟು ಜಾಲಿಸಿ. ಬುಡಕ್ಕೆ ತಾಗಿಸಬೇಡಿ, ಕೂದಲು ಕಟ್ಟಿರುವ ಗಂಟುಗಳು ಸಡಿಲವಾಗುತ್ತವೆ. ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯಿರಿ. ಸ್ಟ್ಯಾಂಡ್ ಇಲ್ಲದಿದ್ದರೆ ತಲೆಗಿಂತ ಚಿಕ್ಕದಾದ ಬಿಂದಿಗೆಯನ್ನು ಬೋರಲು ಹಾಕಿ, ಟವೆಲ್ ಹೊದಿಸಿ, ಅದರ ಮೇಲೆ ಒಣಗಿಸಿ. ದೊಡ್ಡ ಪಾತ್ರೆಯಾದರೆ ಟೋಪಿ ಹಿಗ್ಗಿಹೋದೀತು. ಬಿಸಿಲು ಬೇಡ, ಬಣ್ಣ ಮಾಸುತ್ತದೆ. ಪೂರ್ತಿ ಒಣಗುವ ತನಕ ಪೆಟ್ಟಿಗೆಗೂ ಬೇಡ, ತಲೆಗೂ ಬೇಡ.

ವಿಗ್ ಹಾಕಿಕೊಂಡು ಒಲೆಯ ಮುಂದೆ ನಿಲ್ಲಬೇಡಿ. ಒಗ್ಗರಣೆಯ ಹೊಗೆಯ ವಾಸನೆ ಕೂದಲಿಗೆ ಹಿಡಿಯುತ್ತದೆ, ಉರಿ ತಾಗುವ ಭಯ ಬೇರೆ. ಅಡುಗೆಮನೆಯಲ್ಲಿ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡರಾಯಿತು. ರಾತ್ರಿ ತೆಗೆದಿಟ್ಟು ಮಲಗಿ, ತಲೆಗೂ ಗಾಳಿಯಾಡಲಿ. ವಿಗ್ಗಿನ ಕೆಳಗೆ ಹತ್ತಿಯ ತೆಳು ಟೋಪಿ ಹಾಕಿ ಅದನ್ನು ದಿನಾ ಒಗೆಯಿರಿ. ನೆತ್ತಿಯಲ್ಲಿ ಹುಣ್ಣೋ ಗುಳ್ಳೆಯೋ ಎದ್ದರೆ ಡಾಕ್ಟರನ್ನು ಕೇಳದೆ ವಿಗ್ ಹಾಕಬೇಡಿ. ಮದುವೆಯ ದಿನ ಮಲ್ಲಿಗೆ ಮುಡಿಯಬೇಕಲ್ಲವೇ? ಖಂಡಿತ ಮುಡಿಯಿರಿ. ಮೊಳ ಎರಡಕ್ಕಿಂತ ಹೆಚ್ಚು ಬೇಡ, ಭಾರಕ್ಕೆ ಜಾರುತ್ತದೆ. ಪಿನ್ನನ್ನು ಕೂದಲಿಗೆ ಸಿಕ್ಕಿಸಿ, ಜಾಲರಿಗಲ್ಲ.

"ಯಾರದ್ದೋ ಕೂದಲು, ದೇವರ ಮನೆಗೆ ಹೋಗಬೇಡ ಅಂತಾರೆ ಅತ್ತೆ" ಎಂದೂ ಬರೆದಿದ್ದೀರಿ. ನಿಮ್ಮ ಅತ್ತೆಯವರಿಗೆ ನಾನು ಹೇಳಿದೆನೆಂದು ಹೇಳಿ: ತಿರುಪತಿ ತಿಮ್ಮಪ್ಪನಿಗೆ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನದವರೇ ಹರಾಜು ಹಾಕುತ್ತಾರೆ. ದೇಶವಿದೇಶದ ವಿಗ್ಗುಗಳಿಗೆ ಆ ಕೂದಲು ಹೋಗುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸುವುದೇ ಎಷ್ಟೋ ಹೆಣ್ಣುಮಕ್ಕಳ ದುಡಿಮೆ. ಒಬ್ಬಳು ಹರಕೆ ಒಪ್ಪಿಸಿದ್ದು, ಇನ್ನೊಬ್ಬಳು ಬಿಡಿಸಿದ್ದು ಮತ್ತೊಬ್ಬಳ ತಲೆ ಕಾಯುತ್ತದೆ. ಇದರಲ್ಲಿ ಮೈಲಿಗೆ ಎಲ್ಲಿಂದ ಬಂತು?

ಕಡೆಯದಾಗಿ ಒಂದು ಮಾತು. ನಿಮ್ಮ ವಿಗ್ಗನ್ನು ಕೆಡಿಸಿದ್ದು ಸೀಗೆಪುಡಿಗಿಂತ ಹೆಚ್ಚಾಗಿ ಟ್ರಂಕು. ಒದ್ದೆಯದನ್ನು ಮುಚ್ಚಿಟ್ಟರೆ ಏನೇ ಆದರೂ ಮುಗ್ಗುತ್ತದೆ. ಬೀಗರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರಾದರೂ ನಿಮ್ಮ ಜೊತೆ ಈ ಕೆಲಸಕ್ಕೆ ಕೈಗೂಡಿಸಲಿ. ಮಗಳನ್ನು ಕರೆಯಿರಿ. ಇಷ್ಟು ವರ್ಷ ಅವಳ ಜಡೆ ಹೆಣೆದವರು ನೀವು. ಈ ಒಂದೂವರೆ ತಿಂಗಳು ನಿಮ್ಮ ವಿಗ್ಗನ್ನು ಅವಳು ಬಾಚಲಿ. ಬಿಂದಿಗೆಯ ಮೇಲೆ, ಕಿಟಕಿಯ ಪಕ್ಕದಲ್ಲಿ, ಹಗಲು ಹೊತ್ತಿನಲ್ಲೇ ಅದು ಒಣಗಲಿ.

ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಸ್ವಂತ ಕೂದಲು ಮತ್ತೆ ಚಿಗುರುತ್ತದೆ. ಮೊದಮೊದಲು ಗುಂಗುರಾಗಿ ಬಂದರೆ ಗಾಬರಿಯಾಗಬೇಡಿ. ಮದುವೆ ಸುಸೂತ್ರವಾಗಿ ನಡೆಯಲಿ. ಆಮೇಲೆ ಒಂದು ಕಾರ್ಡು ಬರೆಯುತ್ತೀರಲ್ಲ?